ಎಂಟು ಭಾನುವಾರದ ಕೆಂಪು ಬೆಳಕು

ನಮ್ಮ ಲ್ಯಾಬಿನ ಬಾಗಿಲ ಪಕ್ಕದ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್ ಒಂದಿತ್ತು. ಯಾವ ಸಾಮಾನು ಹೊರಗೆ ಹೋದರೂ ಅದರಲ್ಲಿ ಬರೆದು ಸಹಿ ಹಾಕಬೇಕು. ಆ ರಿಜಿಸ್ಟರಿನಲ್ಲಿ ಎಂಟು ಶನಿವಾರ ನನ್ನ ಕೈಬರಹದಲ್ಲಿ ‘ಲೇಸರ್ ಮೆಷಿನ್, ಪೀಣ್ಯ, ಸರ್ವಿಸ್‌ಗೆ’ ಎಂದಿದೆ. ಮೊದಲನೆಯದು ನಿಜ. ಉಳಿದ ಏಳೂ ಸುಳ್ಳು. ಯಾರೂ ಪತ್ತೆ ಹಚ್ಚಲಿಲ್ಲ, ಹಚ್ಚಬೇಕೆಂದು ಯಾರಿಗೂ ತೋಚಲೂ ಇಲ್ಲ, ಅಲ್ಲಿ ನನ್ನ ಮಾತಿಗೆ ಅಷ್ಟು ಬೆಲೆಯಿತ್ತು. ಆ ಶನಿವಾರಗಳಲ್ಲಿ ಮೆಷಿನ್ ನಮ್ಮ ಮನೆಗೆ ಬರುತ್ತಿತ್ತು, ಭಾನುವಾರ ಅದರ ಬೆಳಕು ನನ್ನ ಅತ್ತೆಯ ಬಾಯೊಳಗೆ ಬೀಳುತ್ತಿತ್ತು.

ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಎದ್ದು ನಿಂತಿದ್ದರೂ ರೈಲು ಇನ್ನೂ ಬಂದಿರದ ಕಾಲ. ನಾನು ಲಗ್ಗೆರೆಯಿಂದ ಎರಡು ಬಸ್ಸು ಬದಲಾಯಿಸಿ ಊರಾಚೆಯ ಒಂದು ದಂತ ಕಾಲೇಜಿಗೆ ಹೋಗುತ್ತಿದ್ದೆ. ಕೆಲಸ ಲ್ಯಾಬ್ ಟೆಕ್ನಿಷಿಯನ್. ನಾನು ಸೇರಿದ ವರ್ಷವೇ ಕಾಲೇಜಿನವರು ಜೀವಕೋಶ ಬೆಳೆಸುವ ಕೋಣೆ ಮಾಡಿದ್ದರು. ಅಲ್ಲಿಗೆ ಎಂ.ಡಿ.ಎಸ್. ಓದುವ ಡಾಕ್ಟರುಗಳು ಬಂದು ಹೋಗುತ್ತಿದ್ದರು, ಕೋಣೆಯನ್ನು ಕಾಯುತ್ತಿದ್ದವಳು ಮಾತ್ರ ನಾನು. ಡಾಕ್ಟರುಗಳಿಗೆ ಹಲ್ಲು ಕೀಳಲು ಬರುತ್ತದೆ. ತಟ್ಟೆಯೊಳಗಿನ ದ್ರವ ಬದಲಿಸುವಾಗ ಉಸಿರು ಬಿಡಬಾರದು ಅನ್ನುವಷ್ಟು ತಾಳ್ಮೆ ಬರುವುದಿಲ್ಲ. ಎರಡು ಸಲ ಅವರು ಮುಟ್ಟಿದ ತಟ್ಟೆಗಳೆಲ್ಲ ಬೂಷ್ಟು ಹಿಡಿದ ಮೇಲೆ ನಾನು ಬಾಯಿ ಮಾಡಿದೆ. ನನಗೆ ಬಾಯಿ ಸ್ವಲ್ಪ ಜಾಸ್ತಿಯೇ. ಅಂದಿನಿಂದ ಎಲ್ಲರೂ ‘ಅಕ್ಕ, ನೀವೇ ಮಾಡ್ಬಿಡಿ’ ಅನ್ನತೊಡಗಿದರು.

ಅಲ್ಲಿ ನಡೆಯುತ್ತಿದ್ದದ್ದು ಇಷ್ಟು. ಬೇರೆ ಕಾರಣಕ್ಕೆ ಹಲ್ಲು ಕೀಳಿಸಿಕೊಳ್ಳಲು ಬಂದವರಿಂದ ಒಪ್ಪಿಗೆ ಪಡೆದು, ಹಲ್ಲಿಗೆ ಅಂಟಿ ಬಂದ ಒಸಡಿನ ಚೂರನ್ನು ಐಸಿನ ಡಬ್ಬಿಯಲ್ಲಿಟ್ಟು ನನಗೆ ಕೊಡುತ್ತಿದ್ದರು. ನಾನು ಅದನ್ನು ಸಾಸಿವೆಗಿಂತ ಸಣ್ಣಗೆ ಕತ್ತರಿಸಿ, ತಟ್ಟೆಗೆ ಅಂಟಿಸಿ, ಮೇಲೆ ಗುಲಾಬಿ ಬಣ್ಣದ ಪೋಷಕ ದ್ರವ ಹಾಕಿ, ಮೈಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಒಂದು ವಾರ ಏನೂ ಆಗುವುದಿಲ್ಲ. ಆಮೇಲೊಂದು ಬೆಳಿಗ್ಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಚೂರಿನ ಅಂಚಿನಿಂದ ಉದ್ದುದ್ದ ಕೋಶಗಳು ಹೊರಗೆ ತೆವಳಿರುತ್ತವೆ, ಕೆರೆಯ ದಡದಲ್ಲಿ ಒಂದೇ ಕಡೆ ಮುಖ ಮಾಡಿದ ಮೀನಿನ ಮರಿಗಳ ಹಾಗೆ. ಯಾರ ಬಾಯಿಯ ಒಸಡೋ, ಆ ಮನುಷ್ಯ ಮನೆಗೆ ಹೋಗಿ ಉಂಡು ಮಲಗಿರುತ್ತಾನೆ, ಅವನ ಮಾಂಸ ಇಲ್ಲಿ ಬೆಳೆಯುತ್ತಿರುತ್ತದೆ. ಮೊದಲ ಸಲ ಕಂಡಾಗ ನನಗೆ ಮೈ ಜುಂ ಎಂದಿತ್ತು.

ಆ ವರ್ಷ ಒಬ್ಬ ಡಾಕ್ಟರ್ ಹುಡುಗಿಯ ಥೀಸಿಸ್ ಲೇಸರ್ ಬೆಳಕಿನ ಮೇಲೆ. ಕತ್ತರಿಸುವ ಲೇಸರ್ ಅಲ್ಲ. ಸುಡದ, ಬಿಸಿಯೂ ಆಗದ, ಮಂದವಾದ ಕೆಂಪು ಬೆಳಕು. ಒಂದು ತಟ್ಟೆಗೆ ಲೆಕ್ಕ ಹಿಡಿದು ಇಷ್ಟೇ ಸೆಕೆಂಡು ಬೆಳಕು ಬಿಡುವುದು, ಅದರ ಜೋಡಿ ತಟ್ಟೆಯನ್ನು ಫಾಯಿಲ್ ಸುತ್ತಿ ಕತ್ತಲಲ್ಲಿಡುವುದು, ಒಂದು, ಎರಡು, ಮೂರು ದಿನ ಬಿಟ್ಟು ಎರಡನ್ನೂ ಎಣಿಸುವುದು. ಬೆಳಕು ಕಂಡ ತಟ್ಟೆಯಲ್ಲಿ ಕೋಶಗಳು ಕಣ್ಣಿಗೆ ಕಾಣುವಷ್ಟು ಜಾಸ್ತಿಯಿರುತ್ತಿದ್ದವು. ಬೆಳಕು ತೀರಾ ಹೆಚ್ಚಾದರೆ ಮತ್ತೆ ಕಡಿಮೆ. ಅವಳು ಕುಣಿದಾಡಿದಳು. ಆಪರೇಷನ್ ಆದ ಒಸಡು ಬೇಗ ಕೂಡುತ್ತದೆ, ನೋವೂ ಕಡಿಮೆಯಾಗುತ್ತದೆ ಎಂದು ನನಗೆ ಬಿಡಿಸಿ ಹೇಳಿದಳು. ನಾನು ತಲೆಯಾಡಿಸಿದೆ. ತಟ್ಟೆ ಎಣಿಸಿದವಳು ನಾನೇ ಆದ್ದರಿಂದ ಅದು ನನ್ನದೇ ಸಂಶೋಧನೆ ಎಂಬಂತೆ ಬೀಗಿಕೊಂಡು ಬಸ್ ಹತ್ತಿದೆ.

ಒಂದು ವಿಷಯ ಇಲ್ಲೇ ಹೇಳಬೇಕು. ಒಸಡಿನ ಚೂರಿನ ಜೊತೆ ಒಂದು ಫಾರಂ ಬರುತ್ತಿತ್ತು. ಅದರಲ್ಲಿ ಒಂದು ಸಾಲು: ಎಲೆಅಡಿಕೆ, ತಂಬಾಕು, ಗುಟ್ಕಾ ಅಭ್ಯಾಸ ಇದೆಯೇ? ಹೌದು ಎಂದಿದ್ದರೆ ನಾನು ಕೆಂಪು ಪೆನ್ನಿನಲ್ಲಿ ‘ಬೇಡ’ ಎಂದು ಬರೆದು ಚೂರನ್ನು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕಬೇಕು. ಹಾಗೆ ಎಷ್ಟೋ ‘ಬೇಡ’ ಬರೆದಿದ್ದೇನೆ. ಒಮ್ಮೆ ಒಬ್ಬ ಹೊಸ ಡಾಕ್ಟರ್ ಅಂಥ ಚೂರನ್ನು ತಂದು ‘ಇದೊಂದು ನಡಿಯುತ್ತೆ ಬಿಡಿ ಅಕ್ಕ’ ಎಂದಾಗ ಅವನಿಗೇ ಬೈದು ಕಳಿಸಿದ್ದೆ. ಯಾಕೆ ಬೇಡ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಅಂಥವರ ಒಸಡು ಗಲೀಜಾಗಿರುತ್ತದೆ, ತಟ್ಟೆ ಕೆಡುತ್ತದೆ, ಅಷ್ಟೇ ಇರಬೇಕು ಅಂದುಕೊಂಡಿದ್ದೆ.

ಇನ್ನು ಮನೆ. ಲಗ್ಗೆರೆ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ ನನ್ನ ಗಂಡನದು. ಕೆಳಗೆ ನಾವು, ಮೇಲಿನ ಎರಡು ಮಹಡಿಯಲ್ಲಿ ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಬಾಡಿಗೆಯವರು. ಗಂಡ ಪೀಣ್ಯದಲ್ಲೇ ಒಂದು ಲೇತ್ ಶಾಪಿನಲ್ಲಿದ್ದರು. ಮನೆಯ ಯಜಮಾನಿಕೆ ಅತ್ತೆಯದು. ಬೆಳಿಗ್ಗೆ ಜಗುಲಿಯ ಮೇಲೆ ಎಲೆಅಡಿಕೆ ಚೀಲ ಬಿಚ್ಚಿ ಕೂತರೆ ಬೀದಿಯ ಅರ್ಧ ವ್ಯವಹಾರ ಅವರ ಮುಂದೆಯೇ ಮುಗಿಯಬೇಕು. ಎಲೆ, ಅಡಿಕೆ, ಸುಣ್ಣ, ಮೇಲೊಂದು ಚಿಟಿಕೆ ಕಡ್ಡಿಪುಡಿ ತಂಬಾಕು. ಜಗಿದದ್ದನ್ನು ಎಡದವಡೆಯ ಸಂದಿಗೆ ಒತ್ತರಿಸಿಟ್ಟುಕೊಂಡು ಮಾತಾಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅವರಿಗೆ ಎಡಗೆನ್ನೆ ಹುಟ್ಟಿನಿಂದಲೇ ಉಬ್ಬಿದೆ ಎಂದುಕೊಂಡಿದ್ದೆ.

ನನ್ನ ಕೆಲಸವೆಂದರೆ ಅವರಿಗೆ ಹೇಸಿಗೆ. ‘ಯಾರ್‍ಯಾರ್ದೋ ಬಾಯ್ ಮಾಂಸ ಮುಟ್ಬುಟ್ಟು ಬತ್ತಾಳೆ’ ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ಒಂದು ಕಟ್ಟಳೆಯನ್ನೂ ಮಾಡಿದ್ದರು. ಕೆಲಸದಿಂದ ಬಂದವಳು ಮುಂಬಾಗಿಲಿನಿಂದ ಒಳಗೆ ಬರುವಂತಿಲ್ಲ. ಹಿತ್ತಿಲ ಬಚ್ಚಲಿಗೆ ಹೋಗಿ, ತಲೆಗೆ ನೀರು ಹಾಕಿಕೊಂಡು, ಬೇರೆ ಸೀರೆ ಉಟ್ಟು, ಆಮೇಲೆ ಅಡುಗೆಮನೆ. ಚಳಿಯಿರಲಿ, ಜ್ವರವಿರಲಿ. ಬಾಡಿಗೆ ಹೆಂಗಸರು ಮಹಡಿಯಿಂದ ಬಗ್ಗಿ ನೋಡುತ್ತಿದ್ದರು. ಮೈಲಿಗೆಯವಳ ಹಾಗೆ ಆರು ವರ್ಷ ಹಿತ್ತಿಲಿಂದ ಮನೆ ಹೊಕ್ಕಿದ್ದೇನೆ. ಕಾಲೇಜಿನಲ್ಲಿ ಡಾಕ್ಟರುಗಳಿಗೆ ಬೈಯುವವಳು ಇಲ್ಲಿ ಬಾಯಿ ಮುಚ್ಚಿಕೊಂಡು ತಣ್ಣೀರು ಹಾಕಿಕೊಳ್ಳುತ್ತಿದ್ದೆ, ಹೊಟ್ಟೆ ಉರಿಯುತ್ತಿತ್ತು.

ಅತ್ತೆಯ ಬಾಯಿ ಹುಣ್ಣು ನನಗೆ ಗೊತ್ತಾದದ್ದು ಊಟದಿಂದ. ಮುದ್ದೆಗೆ ಖಾರವಿಲ್ಲದಿದ್ದರೆ ತಟ್ಟೆ ಸರಿಸುತ್ತಿದ್ದವರು ಮೊಸರನ್ನ ಕೇಳತೊಡಗಿದರು. ಎರಡು ವಾರ, ಮೂರು ವಾರ. ಕೇಳಿದರೆ ‘ಉಷ್ಣ ಕಣಮ್ಮಿ’ ಎಂದು ತುಪ್ಪ ಸವರಿಕೊಂಡರು. ತಿಂಗಳು ದಾಟಿದ ಮೇಲೆ ಕಾಡಿ ಬೇಡಿ ಬಾಯಿ ತೆರೆಸಿ ನೋಡಿದೆ. ಎಡಗಡೆ ಕೆಳದವಡೆಯ ಒಸಡಿನ ಮೇಲೆ, ಸರಿಯಾಗಿ ಆ ಎಲೆಅಡಿಕೆಯ ಜಾಗದಲ್ಲಿ, ಕಡಲೆಕಾಳಿನಷ್ಟು ಅಗಲದ ಹುಣ್ಣು. ನಡುವೆ ಕೆಂಪು, ಅಂಚು ಬೆಳ್ಳಗೆ.

‘ನಮ್ ಕಾಲೇಜಿಗೆ ಬನ್ನಿ ಅತ್ತೆ, ಲೇಡಿ ಡಾಕ್ಟರೇ ನೋಡ್ತಾರೆ’ ಅಂದೆ.

‘ನೋಡಿ ಏನ್ ಮಾಡ್ತಾರೆ? ಚೂರ್ ಕುಯ್ದು ಪರೀಕ್ಸೆ ಅಂತಾರೆ. ನಮ್ಮಕ್ಕಂಗೂ ಅಂಗೇ ಮಾಡುದ್ರು. ಕತ್ತಿ ಬಿದ್ದ ಮ್ಯಾಲೆ ಕೆರಳ್ತು, ಮೂರ್ ತಿಂಗ್ಳಿಗೆ ಒಂಟೋದ್ಲು.’

ಅವರ ಅಕ್ಕ ಹೋದದ್ದು ಕತ್ತಿಯಿಂದಲ್ಲ, ಕತ್ತಿಗೆ ಮೊದಲೇ ಒಳಗಿದ್ದ ರೋಗದಿಂದ ಎಂದು ಈಗ ಹೇಳಬಲ್ಲೆ. ಆಗ ನಾನು ವಾದ ಮಾಡಲಿಲ್ಲ. ಕತ್ತಿ ಬೇಡ ಎನ್ನುವವರಿಗೆ ಕತ್ತಿಯಿಲ್ಲದ ಔಷಧಿ ನನ್ನ ಕೈಯಲ್ಲೇ ಇದೆಯಲ್ಲ ಎಂಬ ಯೋಚನೆ ಬಂದದ್ದು ಆ ಕ್ಷಣದಲ್ಲೇ.

ಆ ವಾರವೇ ಮೆಷಿನ್ನಿನ ಫ್ಯಾನ್ ಕೆಟ್ಟಿತು. ಥೀಸಿಸ್ ಮುಗಿದಿದ್ದರಿಂದ ಯಾರಿಗೂ ಅವಸರವಿರಲಿಲ್ಲ. ಮನೆಗೆ ಹತ್ತಿರ ಎಂದು ನಾನೇ ಒಪ್ಪಿಕೊಂಡು ಶನಿವಾರ ಮಧ್ಯಾಹ್ನ ಪೀಣ್ಯಕ್ಕೆ ಒಯ್ದೆ. ಇಂಥ ಮೆಷಿನ್ ರಿಪೇರಿ ಮಾಡುವ ಒಂದು ಸಣ್ಣ ಶೆಡ್ಡು, ಎರಡು ಕಡೆ ತಗಡು ಒತ್ತುವ ಪ್ರೆಸ್ಸುಗಳ ಹೊಡೆತಕ್ಕೆ ನೆಲವೇ ಅದುರುತ್ತಿತ್ತು. ರಿಪೇರಿಯವನು ಗಂಟೆಯೊಳಗೆ ಫ್ಯಾನ್ ಬದಲಿಸಿ, ಗೋಡೆಗೆ ಬೆಳಕು ಬಿಟ್ಟು ತೋರಿಸಿದ. ನಾನು ಕನ್ನಡಕ ಹಾಕಿಕೊಳ್ಳದೆ ಬಗ್ಗಿದ್ದಕ್ಕೆ ಕೈ ಅಡ್ಡ ಹಿಡಿದ.

‘ಮೇಡಂ, ಗಾಗಲ್ಸ್ ಹಾಕ್ಕೊಳ್ರೀ. ಇದಕ್ಕೇನ್ ಗೊತ್ತಾಗುತ್ತೆ ಕಣ್ಣು ಯಾವ್ದು ಗೋಡೆ ಯಾವ್ದು ಅಂತ? ಹಿಡ್ದ ಕಡೆ ಬೀಳುತ್ತೆ, ಅಷ್ಟೇ.’

ಮೆಷಿನ್ ದೊಡ್ಡ ಟಿಫಿನ್ ಡಬ್ಬಿಯಷ್ಟಿತ್ತು. ಬಟ್ಟೆ ಚೀಲದಲ್ಲಿಟ್ಟುಕೊಂಡು ಲಗ್ಗೆರೆಗೆ ನಡೆದೇ ಬಂದೆ. ಸೋಮವಾರದವರೆಗೆ ಅದು ನಮ್ಮ ಮನೆಯಲ್ಲಿರುತ್ತದೆ ಎಂಬುದು ದಾರಿಯುದ್ದಕ್ಕೂ ತಲೆಯಲ್ಲಿತ್ತು.

ಭಾನುವಾರ ತಿಂಡಿ ಮುಗಿದ ಮೇಲೆ ಅತ್ತೆಯನ್ನು ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ ಹಸಿರು ಗಾಗಲ್ಸ್ ಹಾಕಿದೆ. ‘ಇದ್ ಆಕಂಡ್ ಜಗ್ಲಿ ಮ್ಯಾಲ್ ಕೂತ್ರೆ ಬೀದಿ ನಾಯೂ ಮೂಸಕಿಲ್ಲ’ ಎಂದು ನಕ್ಕರು. ಗಂಡ ಪೇಪರಿನಿಂದ ತಲೆಯೆತ್ತಿ, ‘ಏನ್ ಮಾಡ್ತಿದೀಯ ಅಂತ ಗೊತ್ತಿದೆ ತಾನೆ?’ ಎಂದರು. ‘ಗೊತ್ತಿಲ್ದೆ ಮಾಡ್ತೀನಾ?’ ಅಂದೆ. ಅವರು ಮತ್ತೆ ಪೇಪರಿಗೆ ಮುಖ ಹಾಕಿದರು. ನಾನು ಕಿಟಕಿಯ ಪರದೆ ಎಳೆದು, ಥೀಸಿಸ್ಸಿನಲ್ಲಿ ತಟ್ಟೆಗಳಿಗೆ ಬಿಟ್ಟಷ್ಟೇ ಸೆಕೆಂಡು ಲೆಕ್ಕ ಹಿಡಿದು, ಹುಣ್ಣಿನ ಸುತ್ತ ಬೆಳಕು ಬಿಟ್ಟೆ.

ಅರೆಗತ್ತಲಲ್ಲಿ ಅವರ ಎಡಗೆನ್ನೆ ಒಳಗಿನಿಂದ ಕೆಂಪಗೆ ಬೆಳಗಿತು. ಕೈಬೆರಳುಗಳ ಸಂದಿಗೆ ಟಾರ್ಚ್ ಹಿಡಿದಾಗ ಕಾಣುವ ಬಣ್ಣ ಅದು. ಚರ್ಮದ ಸುಕ್ಕುಗಳೂ ಎಣಿಸುವಷ್ಟು ಸ್ಪಷ್ಟ. ಹುಣ್ಣಿದ್ದ ಕಡೆ ಮಾತ್ರ ಬೆಳಕು ಹೊರಗೆ ಬರಲಿಲ್ಲ. ದವಡೆಯ ಅಂಚಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗ ಕಪ್ಪಗೇ ಉಳಿದಿತ್ತು. ಮೂಳೆ ಇರಬೇಕು ಅಂದುಕೊಂಡೆ.

ಮುಂದಿನ ಶನಿವಾರ ರಿಜಿಸ್ಟರಿನ ಮುಂದೆ ಒಂದು ನಿಮಿಷ ನಿಂತೆ. ಆಮೇಲೆ ಹಿಂದಿನ ವಾರ ಬರೆದದ್ದನ್ನೇ ನೋಡಿಕೊಂಡು ಬರೆದೆ. ಸುಳ್ಳು ಬರೆಯುವುದು ಇಷ್ಟು ಸುಲಭವೇ ಎನಿಸಿತು. ಅತ್ತೆಯ ನೋವು ಅಷ್ಟರಲ್ಲೇ ಅರ್ಧ ಇಳಿದಿತ್ತು. ಎರಡನೇ ಭಾನುವಾರ ದಾಟಿದ ಮೇಲೆ ಅತ್ತೆ ಮುದ್ದೆ, ಉಪ್ಸಾರು, ಹಸಿಮೆಣಸಿನಕಾಯಿ ಖಾರ ಹಾಕಿಸಿಕೊಂಡು ಉಂಡರು, ಉಂಡು ಬೆರಳು ಚೀಪಿದರು. ಅವರು ಹಾಗೆ ಉಂಡದ್ದನ್ನು ಕಂಡು ನನಗೆ ಆದ ಖುಷಿಯನ್ನು ಈಗ ನೆನೆಯಲು ನಾಚಿಕೆಯಾಗುತ್ತದೆ.

ಮೂರನೇ ವಾರ ಒಂದು ಸಂಜೆ ಎಂದಿನಂತೆ ಹಿತ್ತಿಲ ಕಡೆ ತಿರುಗಿದ್ದೆ. ಜಗುಲಿಯಿಂದ ಅತ್ತೆ ಕರೆದರು.

‘ಎಲ್ಲಿಗಮ್ಮಿ ಸುತ್ಕಂಡ್ ಓಯ್ತೀಯ? ಇಂಗೇ ಬಾ. ಕೈ ಕಾಲ್ ತೊಳ್ಕೊ, ಸಾಕು.’

ಪಕ್ಕದ ಮನೆಯ ಹೆಂಗಸರಿಬ್ಬರು ಅಲ್ಲೇ ಕೂತಿದ್ದರು. ಅವರ ಮುಂದೆಯೇ ಹೇಳಿದರು. ‘ನಮ್ ಸೊಸೆ ಗಾಜಿನ್ ತಟ್ಟೇಲಿ ಒಸ್ಡು ಬೆಳೀತಾಳೆ. ಡಾಕುಟ್ರುಗೇ ಬುದ್ದಿ ಯೇಳ್ಕೊಡ್ತಾಳೆ.’ ಆರು ವರ್ಷದಲ್ಲಿ ಮೊದಲ ಸಲ ನಾನು ಕೆಲಸದ ಬಟ್ಟೆಯಲ್ಲಿ ಮುಂಬಾಗಿಲಿನ ಹೊಸ್ತಿಲು ದಾಟಿದೆ. ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ನಾನು ಆ ಬೆಳಕನ್ನು ಎಂಟು ವಾರದವರೆಗೆ ಎಳೆದದ್ದು ಯಾಕೆಂದು ಯಾರಾದರೂ ಕೇಳಿದರೆ, ಹುಣ್ಣಿಗಾಗಿ ಎಂಬುದು ಅರ್ಧ ಸತ್ಯವಷ್ಟೇ. ಆ ಹೊಸ್ತಿಲಿಗಾಗಿಯೂ ಹೌದು.

ಬೀದಿಯಲ್ಲಿ ಸುದ್ದಿಯಾಯಿತು. ಮೇಲಿನ ಮಹಡಿಯ ಹೆಂಗಸು ಮಂಡಿನೋವಿಗೆ ಆ ಲೈಟು ಹಿಡಿಯಬಹುದಾ ಎಂದು ಕೇಳಿದಳು. ಎದುರುಮನೆಯವಳು ಕೂದಲು ಉದುರುವುದಕ್ಕೆ ಕೇಳಿದಳು. ನಾನು ದೊಡ್ಡ ಡಾಕ್ಟರಂತೆ ಮುಖ ಗಂಟುಹಾಕಿ, ‘ಎಲ್ಲದಕ್ಕೂ ಎಲ್ಲಾ ಆಗಲ್ಲ’ ಎಂದು ಕಳಿಸುತ್ತಿದ್ದೆ.

ಎಲೆಅಡಿಕೆ ಬಿಡಿ ಎಂದಿದ್ದೆ. ಅವರು ಬಲದವಡೆಗೆ ಬದಲಿಸಿದ್ದರು. ನೋವು ಹೋದ ಮೇಲೆ ಮೆಲ್ಲಗೆ ಎಡದವಡೆಗೇ ವಾಪಸು ಬಂದರು.

ಐದನೇ ಭಾನುವಾರ ಹುಣ್ಣಿನ ಗುಂಡಿ ತುಂಬಿಕೊಂಡಿತ್ತು. ತುಂಬಿ ಅಲ್ಲಿಗೇ ನಿಂತಿರಲಿಲ್ಲ, ಸುತ್ತಲಿನ ಒಸಡಿಗಿಂತ ಸ್ವಲ್ಪ ಎತ್ತರಕ್ಕೆ ಬಂದು, ಪಕ್ಕದ ಹಲ್ಲಿನ ಬುಡಕ್ಕೆ ಹತ್ತಿತ್ತು. ಮೇಲ್ಮೈ ನುಣ್ಣಗಿರಲಿಲ್ಲ, ಹೂಕೋಸಿನ ಹಾಗೆ ಗಂಟು ಗಂಟಾಗಿತ್ತು. ಅತ್ತೆ ನಾಲಿಗೆಯಿಂದ ಸವರಿ ನೋಡಿಕೊಂಡು, ಕೈಗನ್ನಡಿ ಹಿಡಿದು ನೋಡಿಕೊಂಡು, ಸಂತೋಷದಿಂದ ‘ಬೆಳೀತಾ ಐತೆ ಕಣಮ್ಮಿ’ ಎಂದರು. ‘ಹೌದತ್ತೆ, ಬೆಳೀತಿದೆ’ ಅಂದೆ. ತಟ್ಟೆಯಲ್ಲಿ ಕೋಶ ಜಾಸ್ತಿಯಾದರೆ ನಾವು ಕುಣಿಯುತ್ತಿದ್ದೆವು. ಬೆಳೆಯುವುದೆಂದರೆ ಒಳ್ಳೆಯದೇ ಎಂದು ನನ್ನ ಕಣ್ಣು ಕಲಿತುಬಿಟ್ಟಿತ್ತು.

ಪರದೆ ಎಳೆದು ಬೆಳಕು ಬಿಟ್ಟಾಗ ಕೆನ್ನೆಯ ಮೇಲಿನ ಕಪ್ಪು ಜಾಗ ಹಿಂದಿನ ವಾರಕ್ಕಿಂತ ಅಗಲವಾಗಿತ್ತು. ಅದನ್ನು ನೋಡಿದ್ದೇನೆ, ನೋಡಲಿಲ್ಲ ಎನ್ನಲಾರೆ. ಹೊಸ ಮಾಂಸ ತುಂಬಿದೆ, ಅದಕ್ಕೇ ಬೆಳಕು ದಾಟುತ್ತಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆರನೇ ವಾರ ಅದು ದವಡೆಯ ಅಂಚಿನಿಂದ ಕೆಳಗೆ ಇಳಿದಿತ್ತು. ಆ ವಾರವೇ ಪಕ್ಕದ ಹಲ್ಲು ಅಲುಗಾಡತೊಡಗಿತು. ‘ವಯಸ್ಸಾಯ್ತಲ್ಲ’ ಎಂದರು ಅತ್ತೆ. ಏಳನೇ ವಾರ ಆ ಹಲ್ಲು ನೋವಿಲ್ಲದೆ, ಒಂದು ಹನಿ ರಕ್ತವೂ ಇಲ್ಲದೆ, ಅನ್ನದ ಜೊತೆ ಕೈಗೆ ಬಂತು. ಅದನ್ನು ತಟ್ಟೆಯ ಅಂಚಿನಲ್ಲಿಟ್ಟು ಊಟ ಮುಂದುವರಿಸಿದರು. ನಾನು ನನ್ನ ತಟ್ಟೆ ಬಿಟ್ಟು ಎದ್ದು ಹೋದೆ.

ಎಂಟನೇ ಭಾನುವಾರ ಎಡಕಿವಿ ಒಳಗೆ ಚುಳುಕ್ ಎನ್ನುತ್ತದೆ ಎಂದರು. ಬೆಳಕಿಗೆ ಹೊಂದಿಸಿಕೊಳ್ಳಲು ಅವರ ಗಲ್ಲ ಎತ್ತಿ ಹಿಡಿದಾಗ ದವಡೆಯ ಕೆಳಗೆ ನನ್ನ ಬೆರಳಿಗೆ ಒಂದು ಗಂಟು ಸಿಕ್ಕಿತು. ಹುಣಸೆಬೀಜದಷ್ಟಿತ್ತು, ಒತ್ತಿದರೆ ಜರುಗಲಿಲ್ಲ. ಬೆರಳು ತೆಗೆದೆ. ಸೆಕೆಂಡು ಎಣಿಸಿ ಬೆಳಕು ಬಿಟ್ಟೆ. ಕಿವಿಯ ಕೆಳಗಿನವರೆಗೆ ಕೆನ್ನೆ ಬೆಳಗಬೇಕಾದ ಕಡೆ ಬೆಳಗಲಿಲ್ಲ. ಅತ್ತೆ ಗಾಗಲ್ಸ್ ಒಳಗೆ ಕಣ್ಣು ಮುಚ್ಚಿಕೊಂಡು ನೆಮ್ಮದಿಯಿಂದ ಕೂತಿದ್ದರು.

ಸೋಮವಾರ ಲ್ಯಾಬಿಗೆ ಹೊಸ ಬ್ಯಾಚಿನ ಡಾಕ್ಟರ್ ಹುಡುಗಿಯೊಬ್ಬಳು ಐಸಿನ ಡಬ್ಬಿ ತಂದಳು. ಫಾರಂ ನೋಡಿದೆ. ಐವತ್ತೆಂಟು ವರ್ಷದ ಹೆಂಗಸು. ಎಲೆಅಡಿಕೆ, ತಂಬಾಕು: ಹೌದು. ಅಭ್ಯಾಸದಂತೆ ಕೆಂಪು ಪೆನ್ನು ತೆಗೆದೆ. ‘ಬೇ’ ಎಂದು ಬರೆದು ಕೈ ನಿಂತುಹೋಯಿತು.

‘ಮೇಡಂ, ಇಂಥೋರ್ದು ಯಾಕ್ ಬೇಡ ಅಂತೀವಿ?’ ಎಂದು ಕೇಳಿದೆ. ಎಷ್ಟೋ ವರ್ಷದ ಕೆಲಸದಲ್ಲಿ ಆ ಪ್ರಶ್ನೆಯನ್ನು ಮೊದಲ ಸಲ ಕೇಳಿದ್ದೆ.

ಅವಳು ಗ್ಲೌಸ್ ಬಿಚ್ಚುತ್ತಾ ಸಹಜವಾಗಿ ಹೇಳಿದಳು. ‘ಅಕ್ಕ, ಚ್ಯೂ ಮಾಡೋರ ಒಸಡಲ್ಲಿ ಸೆಲ್ಸ್ ಆಲ್‌ರೆಡಿ ಚೇಂಜ್ ಆಗೋಕೆ ಶುರು ಆಗಿರಬಹುದು. ಹೊರಗಡೆಯಿಂದ ಗೊತ್ತಾಗಲ್ಲ. ಅದರ ಮೇಲೆ ಲೇಸರ್ ಹಾಕಿದ್ರೆ ನಾವು ಏನನ್ನ ಬೆಳೆಸ್ತಿದೀವಿ ಅಂತ ನಮಗೇ ಗೊತ್ತಿರಲ್ಲ ಅಲ್ವಾ? ಪೇಷಂಟ್ಸ್‌ಗೂ ಅಷ್ಟೇ, ವಾಸಿ ಆಗ್ದೇ ಇರೋ ಹುಣ್ಣಿಗೆ ಬಯಾಪ್ಸಿ ಮಾಡ್ದೆ ಯಾರೂ ಲೇಸರ್ ಹಿಡಿಯಲ್ಲ.’

ಆ ‘ಬೇ’ಯನ್ನು ಹಾಗೇ ಬಿಟ್ಟು ಪೆನ್ನಿಗೆ ಮುಚ್ಚಳ ಹಾಕಿದೆ. ಆ ಪೆನ್ನಿನಲ್ಲಿ ಗುರುತಿಲ್ಲದ ಎಷ್ಟೋ ಜನರ ಒಸಡಿಗೆ ‘ಬೇಡ’ ಎಂದು ಬರೆದಿದ್ದೆ. ಒಬ್ಬರ ಫಾರಂ ಮಾತ್ರ ತುಂಬಿರಲಿಲ್ಲ. ಅವರು ದಿನಾ ನನ್ನ ಕಣ್ಣೆದುರಿಗೇ ಜಗುಲಿಯ ಮೇಲೆ ಕಡ್ಡಿಪುಡಿ ತಿಕ್ಕುತ್ತಿದ್ದರು.

ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಆಸ್ಪತ್ರೆಗೆ ಹೋಗೋಣ ಎಂದರೆ ಅತ್ತೆ ಬರುವುದಿಲ್ಲ ಎಂದರು. ‘ನನ್ ಮೇಲೆ ನಂಬಿಕೆ ಇದೆಯಾ ಇಲ್ವಾ?’ ಎಂದು ಕೇಳಿದೆ. ಬೇರೆ ಆಯುಧ ನನ್ನ ಕೈಯಲ್ಲಿರಲಿಲ್ಲ. ‘ನೀ ಅಂದ್ರೆ ಬತ್ತೀನಿ’ ಎಂದು ಎದ್ದು ಸೀರೆ ಸರಿಮಾಡಿಕೊಂಡರು. ಮರುದಿನ ಕ್ಯಾನ್ಸರ್ ಆಸ್ಪತ್ರೆಗೆ ಹೋದೆವು. ಅಲ್ಲಿನ ಲೇಡಿ ಡಾಕ್ಟರು ಬಾಯಿ ತೆರೆಸಿ ನೋಡಿ, ದವಡೆಯ ಕೆಳಗೆ ಬೆರಳಾಡಿಸಿ, ಮುಖದಲ್ಲಿ ಏನನ್ನೂ ತೋರಿಸದೆ ಕೈ ತೊಳೆದು ಬಂದರು.

‘ಇಷ್ಟ್ ದಿನ ಯಾಕಮ್ಮ ಬರ್ಲಿಲ್ಲ? ಮನೇಲಿ ಯಾರೂ ನೋಡ್ಲಿಲ್ವಾ?’

ನಾನು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಒತ್ತಿದರು.

‘ನಾನೇ ಬರ್ನಿಲ್ಲ ತಾಯಿ. ಸೊಸೆ ಯೋಳ್ತಾನೇ ಇದ್ಲು. ನಂದೇ ಮೊಂಡು.’

ಮೆಷಿನ್ನನ್ನು ನಾನು ಕದ್ದು ತರುತ್ತಿದ್ದೆ ಎಂದು ಅವರಿಗೆ ಯಾರು ಹೇಳಿದ್ದರೋ ತಿಳಿಯದು. ಚೀಲವನ್ನು ನಾನು ಸೆರಗಿನಡಿ ಹಿಡಿದು ತರುತ್ತಿದ್ದ ರೀತಿಯಿಂದಲೇ ಊಹಿಸಿದ್ದಿರಬೇಕು. ಎಷ್ಟಾದರೂ ಬೀದಿಯ ಯಜಮಾನಿ. ನನ್ನ ಕೆಲಸ ಹೋಗದಿರಲಿ ಎಂದು ನನ್ನ ತಪ್ಪನ್ನು ಮುಚ್ಚಿಟ್ಟರು.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದ ದಿನ ನಾನೊಬ್ಬಳೇ ಆ ಡಾಕ್ಟರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಮೆಷಿನ್, ಸೆಕೆಂಡು, ಎಂಟು ಭಾನುವಾರ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಅವರು ಪೆನ್ನು ಕೆಳಗಿಟ್ಟರು. ಬೆಳಕಿನಿಂದ ಗೆಡ್ಡೆ ಬೆಳೆಯಿತಾ ಎಂದು ನಾನೇ ಕೇಳಿದೆ.

‘ಅದನ್ನ ಯಾರೂ ಖಚಿತವಾಗಿ ಹೇಳೋಕಾಗಲ್ಲ. ಬೆಳಕಿಲ್ದೇನೂ ಇದು ಬೆಳೀತಿತ್ತು. ಜಾಸ್ತಿ ಮಾಡ್ತೋ ಇಲ್ವೋ ನಂಗೊತ್ತಿಲ್ಲ. ಆದ್ರೆ ಒಂದ್ ಮಾತು. ನೋವು ಇದ್ದಿದ್ರೆ ಅವರು ಎರಡು ತಿಂಗಳು ಮುಂಚೆ ಇಲ್ಲಿರ್ತಿದ್ರು. ನೋವೇ ಅವರನ್ನ ನಮ್ಮ ಹತ್ರ ಕರ್ಕೊಂಡು ಬರ್ತಿತ್ತು. ನೀವು ಅದನ್ನ ತೆಗೆದುಬಿಟ್ರಿ.’

ಆ ಮಾತನ್ನು ಗಂಡನಿಗೂ ಹೇಳಿದೆ. ಅವರು ಪೇಪರ್ ಮಡಿಸಿ, ‘ನಾನೂ ಅಲ್ಲೇ ಕೂತಿದ್ನಲ್ಲ’ ಎಂದರು. ಆಮೇಲೆ ನಮ್ಮಿಬ್ಬರ ನಡುವೆ ಆ ಮಾತು ಬಂದಿಲ್ಲ. ರೋಗ ನಾಲಿಗೆಗೂ ಹಬ್ಬಿದೆ, ಎಡದವಡೆಯ ಮೂಳೆ ಮತ್ತು ನಾಲಿಗೆಯ ಬಹುಭಾಗ ತೆಗೆಯಬೇಕು ಎಂದು ಡಾಕ್ಟರು ಹೇಳಿದರು, ತೆಗೆದರು. ಅತ್ತೆ ಹದಿನಾಲ್ಕು ತಿಂಗಳು ಬದುಕಿದ್ದರು. ಮೂಗಿನ ನಳಿಕೆಯಲ್ಲಿ ನಾನೇ ಗಂಜಿ ಹಾಕಿದೆ. ಜಗುಲಿಗೆ ಬರುತ್ತಿರಲಿಲ್ಲ, ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಒಳಗೇ ಕೂತಿರುತ್ತಿದ್ದರು. ನಾನು ಕೆಲಸದಿಂದ ಬಂದಾಗ ಹಿತ್ತಿಲ ಕಡೆ ಹೋಗದಂತೆ ಕೈಯಾಡಿಸಿ ಮುಂಬಾಗಿಲನ್ನೇ ತೋರಿಸುತ್ತಿದ್ದರು. ನಾನು ಆ ಬಾಗಿಲಿನಿಂದಲೇ ಬರಬೇಕಾಗುತ್ತಿತ್ತು.

ಇಂದಿಗೂ ನನ್ನನ್ನು ಬಿಡದೆ ಕಾಡುವುದು ಆಪರೇಷನ್ನಿನ ಹಿಂದಿನ ಸಂಜೆ. ವಾರ್ಡಿನಲ್ಲಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಅವರ ತಲೆ ಬಾಚುತ್ತಿದ್ದೆ. ಚೂರು ಕತ್ತರಿಸಿ ಪರೀಕ್ಷೆಗೆ ತೆಗೆದ ಮೇಲೆ, ಬೆಳಕು ನಿಂತ ಮೇಲೆ, ನೋವು ತಿರುಗಿ ಬಂದಿತ್ತು. ಎಡಗೆನ್ನೆ ಉಬ್ಬಿತ್ತು, ಎಲೆಅಡಿಕೆ ಇಟ್ಟುಕೊಂಡಿದ್ದಾರೇನೋ ಎಂಬ ಹಾಗೆ. ನಾಳೆ ಏನು ಮಾಡುತ್ತಾರೆಂದು ಡಾಕ್ಟರು ಎರಡು ಸಲ ಬಿಡಿಸಿ ಹೇಳಿದ್ದರು, ಅತ್ತೆ ತಲೆಯಾಡಿಸಿದ್ದರು. ಎಷ್ಟು ಅರ್ಥವಾಗಿತ್ತೋ ನನಗೆ ಗೊತ್ತಿಲ್ಲ. ಆಚೆ ಮಂಚದವರಿಗೆ ಕೇಳಿಸದಂತೆ ನನ್ನ ಕಡೆ ಬಗ್ಗಿದರು.

‘ಅಮ್ಮಿ, ಆ ಲೈಟ್ ತಂದಿದ್ದೀಯಾ?’

ಬಾಚಣಿಗೆ ಅವರ ಕೂದಲಲ್ಲೇ ನಿಂತಿತು. ಅದರಿಂದ ಏನಾಯಿತೆಂದು ಹೇಳಲೇ, ಅದರ ಮೇಲೆ ಇವರಿಗೆ ಉಳಿದಿದ್ದ ಆ ನಂಬಿಕೆಯನ್ನೂ ಈ ಸಂಜೆಯೇ ಕಿತ್ತುಕೊಳ್ಳಲೇ? ಬಾಯಿಗೆ ಬಂದದ್ದು ಏಳು ಸಲ ಕೈಯಲ್ಲಿ ಬರೆದು ರೂಢಿಯಾಗಿದ್ದ ಮಾತು.

‘ಪೀಣ್ಯಕ್ಕೆ ಹೋಗಿದೆ ಅತ್ತೆ. ಸರ್ವಿಸ್‌ಗೆ.’

‘ಆಗ್ಲಿ ಬುಡು,’ ಎಂದು ದಿಂಬಿಗೆ ಒರಗಿ ಕಣ್ಣು ಮುಚ್ಚಿದರು. ‘ಬಂದ್ ಮ್ಯಾಲೆ ತತ್ತಾ.’

ಅವರ ನಾಲಿಗೆಯಿಂದ ನಾನು ಕೇಳಿದ ಕೊನೆಯ ಮಾತು ಅದು.